ಮೊದಲು ಸಹಿ, ಆಮೇಲೆ ಸಿನಿಮಾ

ಮಹಾರಾಷ್ಟ್ರದ ಗಡಿಯೊಳಗಿನ ಬನ್ನಿವಾಡಿಯ ಗ್ರಾಮಪಂಚಾಯತಿ ಕಚೇರಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರ ಮುಂದೆ ಐದು ವರ್ಷದಿಂದ ಕೂರುತ್ತಿದ್ದವಳು ಅನುರಾಧಾ. ಜನನದ ದಾಖಲೆ, ಮರಣದ ದಾಖಲೆ, ಮನೆಯ ಹಕ್ಕಿನ ಉತಾರ, ಊರಿನವರಿಗೆ ಬೇಕಾದ ಯಾವ ಕಾಗದವಾದರೂ ಅವಳ ಬೆರಳಿನಿಂದಲೇ ಹೊರಬರಬೇಕು. ಊರು ಮಾತಾಡುವುದು ಕನ್ನಡ, ಕಾಗದವೆಲ್ಲ ಮರಾಠಿ. ಹಾಗಾಗಿ ಅರ್ಧ ಕೆಲಸ ಟೈಪಿಂಗ್, ಇನ್ನರ್ಧ ಆ ಕಾಗದದಲ್ಲಿ ಏನು ಬರೆದಿದೆ ಅಂತ ಜನರಿಗೆ ಬಿಡಿಸಿ ಹೇಳುವುದು.

ಈ ಎರಡೂ ಕೆಲಸಕ್ಕಿಂತ ಹೆಚ್ಚು ಹೊತ್ತು ಹೋಗುತ್ತಿದ್ದದ್ದು ಕಾಯುವುದರಲ್ಲಿ. ವೆಬ್‌ಸೈಟ್ ತೆರೆಯಲು ಹೋದರೆ ಪರದೆಯ ಮೇಲೆ ಒಂದು ಚಕ್ರ ತಿರುಗಲು ಶುರುವಾಗುತ್ತದೆ. ತಿರುಗುತ್ತಲೇ ಇರುತ್ತದೆ. 'ಸರ್ವರ್ ಡೌನ್' ಎಂಬ ಮಾತು ಊರಿನ ಮುದುಕಿಯರಿಗೂ ಬಾಯಿಪಾಠವಾಗಿತ್ತು. ಹೊಲದ ಕೆಲಸ ಬಿಟ್ಟು ಬಂದವರು ಗೋಡೆಗೆ ಒರಗಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಅನುರಾಧಾಳ ಬೆನ್ನನ್ನೇ ನೋಡುತ್ತಿದ್ದರು. ಚಕ್ರ ತಿರುಗುವುದು ತನ್ನದೇ ತಪ್ಪು ಎಂಬಂತೆ ಅವಳಿಗೆ ಅನ್ನಿಸುತ್ತಿತ್ತು.

ಕಳೆದ ವರ್ಷ ದೀಪಾವಳಿಯ ಮುಂಚೆ ಕೀಬೋರ್ಡ್ ಕೆಟ್ಟಿತು. ಬದಲಿಸಲು ತಾಲೂಕು ಕೇಂದ್ರ ಜತ್ತದಿಂದ ಮಹಾಂತ ಎಂಬುವರು ಬಂದರು. ಐವತ್ತು ದಾಟಿದವರು, ಮೌಸ್ ಇಲ್ಲದ ಕಾಲದಿಂದ ಕಂಪ್ಯೂಟರ್ ಬಿಚ್ಚಿ ಕಟ್ಟಿದವರು. ಹೊಸ ಕೀಬೋರ್ಡ್ ಹಾಕಿ ನೆಟ್ ನೋಡಿದರೆ ಅದೇ ಚಕ್ರ. ಅವರು ನಕ್ಕರು.

"ತಂಗಿ, ಫೋಟೋ ಬರಂಗಿಲ್ಲ, ವಿಡಿಯೋ ಬರಂಗಿಲ್ಲ, ಖರೆ. ಆದ್ರ ಅಕ್ಷರ ಬರ್ತಾವ ನೋಡು. ಅಕ್ಷರ ಭಾಳ ಹಗರ ಇರ್ತಾವ, ಇಂಥಾ ನೆಟ್ಟಿನಾಗೂ ಓಡಿ ಬರ್ತಾವ."

ಅವರು ಏನೋ ಒತ್ತಿದರು. ಕರಿಯ ಕಿಟಕಿಯೊಂದು ತೆರೆದುಕೊಂಡಿತು. ಅನುರಾಧಾಳಿಗೆ ಅದರ ಗುರುತಿತ್ತು. ಕಂಪ್ಯೂಟರ್ ಕಲಿಯುವಾಗ ಪುಸ್ತಕದಲ್ಲಿ ಒಂದು ಪುಟ ಇತ್ತು, ಕಮಾಂಡ್ ಪ್ರಾಂಪ್ಟ್ ಅಂತ, ಪರೀಕ್ಷೆಗೆ ಬರುವುದಿಲ್ಲ ಎಂದು ಮಾಸ್ತರರು ದಾಟಿಸಿಬಿಟ್ಟಿದ್ದರು. ಮಹಾಂತ ಅದರಲ್ಲಿ ಒಂದು ಸಾಲು ಟೈಪ್ ಮಾಡಿದರು. ಎರಡು ಉಸಿರು ಎಳೆಯುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಕಪ್ಪಿನ ಮೇಲೆ ಬಿಳಿ ಗೆರೆಗಳು ಮೂಡಿದವು. ಕೀಬೋರ್ಡಿನ ಮೇಲೆ ಇರುವ ಚಿಹ್ನೆಗಳೇ: ಓರೆಗೆರೆ, ಕಂಸ, ಚುಕ್ಕಿ, ಅಡಿಗೆರೆ. ಅವು ಕೂಡಿ ಒಬ್ಬ ಮನುಷ್ಯ ಆದವು. ಅವನ ತಲೆಯ ಮೇಲೆ ಒಂದು ಟೋಪಿ. ಗಾಳಿ ಬೀಸಿತು, ಟೋಪಿ ಹಾರಿತು, ಮನುಷ್ಯ ಅದರ ಬೆನ್ನು ಹತ್ತಿ ನಡೆಯತೊಡಗಿದ. ಗುಡ್ಡ ಹತ್ತಿದ, ಹೊಳೆ ದಾಟಿದ, ದೊಡ್ಡ ಪಟ್ಟಣದ ಸಂತೆಯಲ್ಲಿ ಸಿಕ್ಕಿಕೊಂಡ. ಯಾವ ದೇಶದಲ್ಲೋ ಕೂತು ಯಾರೋ ಒಬ್ಬರು, ಒಂದೊಂದು ಚಿತ್ರವನ್ನೂ ಅಕ್ಷರ ಅಕ್ಷರವಾಗಿ ಹೊಡೆದು, ಸಾವಿರಾರು ಚಿತ್ರ ಜೋಡಿಸಿ ಮಾಡಿದ ಹನ್ನೊಂದು ನಿಮಿಷದ ಸಿನಿಮಾ ಅದು. ಸದ್ದಿಲ್ಲ, ಬಣ್ಣವಿಲ್ಲ.

ಮಹಾಂತ ಹೋದ ಮೇಲೂ ಆ ಸಾಲು ಅನುರಾಧಾಳ ವಹಿಯ ಹಿಂದಿನ ರಟ್ಟಿನ ಮೇಲೆ ಉಳಿಯಿತು. ಸರ್ವರ್ ಬಿದ್ದಾಗಲೆಲ್ಲ ಅವಳು ಅದನ್ನು ಟೈಪ್ ಮಾಡುತ್ತಿದ್ದಳು. ಮೊದಮೊದಲು ಒಬ್ಬಳೇ ನೋಡಿದಳು. ಆಮೇಲೆ ಹಿಂದೆ ಕೂತವರು ಎದ್ದು ಬಂದು ನಿಂತರು.

ಅಮಸಿದ್ದ ಎಂಬ, ಒಂದು ಕಾಲು ಕುಂಟುವ ಕುರುಬರ ಅಜ್ಜ ಹಯಾತಿ ದಾಖಲೆಗೆ, ಅಂದರೆ ತಾನು ಬದುಕಿದ್ದೇನೆ ಎಂಬ ಕಾಗದಕ್ಕೆ, ಮೂರು ಸಲ ಬಂದು ತಿರುಗಿ ಹೋಗಿದ್ದ. ನಾಲ್ಕನೆಯ ಸಲವೂ ಚಕ್ರವೇ. ಅನುರಾಧಾ ಕರಿಯ ಕಿಟಕಿ ತೆರೆದಳು. ಅಜ್ಜ ಕಂಬಳಿಯನ್ನು ಭುಜದಿಂದ ಇಳಿಸಿ ಪರದೆಯ ಹತ್ತಿರ ಬಗ್ಗಿದ.

"ಏನೂ ಇಲ್ಲಲ್ಲ ಬೇ ಇದರಾಗ. ನಾಕ ಗೆರಿ, ಎರಡ ಚುಕ್ಕಿ. ಆದ್ರ ಮನಷ್ಯಾ ನಡ್ಯಾಕತ್ತಾನ," ಅಂದ. ಸ್ವಲ್ಪ ಹೊತ್ತು ನೋಡಿ, "ಹಸಿ ಮಣ್ಣಾಗ ಕುರಿ ಹೆಜ್ಜಿ ನೋಡಿದ್ರ ನಮಗ ಕುರೀನ ಕಾಣ್ತದಲ್ಲ, ಹಂಗ ಅದ ಇದು," ಅಂದ.

ಅಂದಿನಿಂದ ಕಾಗದದ ಕೆಲಸ ಇಲ್ಲದಿದ್ದರೂ ಅವನು ಬರುತ್ತಿದ್ದ. ಒಂದು ದಿನ ಪಂಚಾಯತಿಯ ಅಧ್ಯಕ್ಷೆ, ಸರಪಂಚ ನಂದಾ ಕೂಡ ಬಾಗಿಲಲ್ಲಿ ನಿಂತು ನೋಡಿದಳು. ಸರಪಂಚ ಅಂದರೆ ಹೆಸರಿಗೆ. ಮಹಿಳಾ ಮೀಸಲು ಬಂದದ್ದರಿಂದ ನಂದಾ ಚುನಾವಣೆಗೆ ನಿಂತಿದ್ದಳು, ಗೆದ್ದಿದ್ದಳು. ಕುರ್ಚಿಯಲ್ಲಿ ಕೂರುತ್ತಿದ್ದವನು ಅವಳ ಗಂಡ ವಿಜಯಕುಮಾರ. ಊರವರು ಅವನನ್ನೇ ಸರಪಂಚರು ಅಂತ ಕರೆಯುತ್ತಿದ್ದರು. ಆ ದಿನ ಟೋಪಿಯವನು ಹೊಳೆಗೆ ಬಿದ್ದಾಗ ನಂದಾ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಒಳಗಿನಿಂದ ಗಂಡ ಕೆಮ್ಮಿದ್ದೇ ತಡ, ಸುಮ್ಮನಾದಳು.

ಮೇ ಒಂದರಂದು ಗ್ರಾಮಸಭೆ ಇತ್ತು. ಠರಾವು ಪಾಸಾಗಬೇಕಾದರೆ ಸಭೆಯಲ್ಲಿ ನೂರು ಮಂದಿ ಇರಬೇಕು. ಬಂದವರು ಹನ್ನೊಂದು ಜನ. ಬಿಸಿಲಿತ್ತು, ಮದುವೆಗಳಿದ್ದವು, ಡಂಗುರ ಸಾರಿಸಿದ್ದೂ ಹಿಂದಿನ ದಿನ ಮಧ್ಯಾಹ್ನ. ಚಹಾ ಕುಡಿದು ಎಲ್ಲರೂ ಎದ್ದು ಹೋದರು. ಎರಡು ವಾರ ಬಿಟ್ಟು ವಿಜಯಕುಮಾರ ಅನುರಾಧಾಳ ಮೇಜಿನ ಮೇಲೆ ಒಂದು ಯಾದಿ ಇಟ್ಟ. ನೂರಾ ಎಂಟು ಹೆಸರಿದ್ದವು, ಎಲ್ಲದರ ಮುಂದೆ ಸಹಿಯೋ ಹೆಬ್ಬೆಟ್ಟೋ ಇತ್ತು. ಮನೆಮನೆಗೆ ತಿರುಗಿ ಹಾಕಿಸಿದ್ದು. ಅದರ ಕೆಳಗೆ ಠರಾವು: ಊರಿನ ಗಾಯರಾನು, ಅಂದರೆ ಕುರಿ ದನ ಮೇಯುವ ಸರ್ಕಾರಿ ಹುಲ್ಲುಗಾವಲು, ಸೋಲಾರ್ ಕಂಪನಿಗೆ ಕೊಡಲು ಗ್ರಾಮಸಭೆಯ ಅಡ್ಡಿಯಿಲ್ಲ.

"ಇದನ್ನ ಟೈಪ್ ಮಾಡಿ ಸೈಟಿಗಿ ಏರಿಸಿಬಿಡವ್ವಾ. ಮೇ ಒಂದನೇ ತಾರೀಕ ಹಾಕು," ಅಂದ. ವಿಜಯಕುಮಾರ ಯಾವತ್ತೂ ದನಿ ಎತ್ತುವವನಲ್ಲ.

ಅನುರಾಧಾ ಯಾದಿ ಓದಿದಳು. ಏಳನೆಯ ಹೆಸರು ಅಮಸಿದ್ದನದು.

"ಅಣ್ಣಾರ, ಆ ದಿವಸ ಹನ್ನೊಂದ ಮಂದಿ ಇದ್ರು. ನಾನ ಎಣಿಸೀನಿ."

"ಎಣಸೂದು ನಿನ್ನ ಕೆಲಸ ಅಲ್ಲ. ಟೈಪ್ ಮಾಡೂದು ನಿನ್ನ ಕೆಲಸ."

"ಆಗದ ಸಭಾ ಆಗೇದ ಅಂತ ನಾ ಟೈಪ್ ಮಾಡಂಗಿಲ್ರಿ."

ವಿಜಯಕುಮಾರ ಯಾದಿಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. "ವಿಚಾರ ಮಾಡು," ಅಂದು ಹೊರಟ. ಅವಳು ಸಂಜೆ ಮನೆಗೆ ಹೋಗುವಾಗ ಅಮಸಿದ್ದನ ವಸ್ತಿಮನೆಯ ಮುಂದೆ ಗಾಡಿ ನಿಲ್ಲಿಸಿ ಕೇಳಿದಳು. ಅಜ್ಜನಿಗೆ ಏನೂ ಗೊತ್ತಿರಲಿಲ್ಲ. ನಲ್ಲಿಯ ನೀರಿನ ಸಲುವಾಗಿ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ನಾಲ್ಕು ದಿನದಲ್ಲಿ ಅವಳ ಹೆಸರಿಗೆ ನೋಟಿಸು ಬಂತು. ಕಚೇರಿಯ ವೇಳೆಯಲ್ಲಿ ಸರ್ಕಾರಿ ಕಂಪ್ಯೂಟರಿನಲ್ಲಿ ಸಿನಿಮಾ ನೋಡುತ್ತಾಳೆ, ಜನರನ್ನು ಕಾಯಿಸುತ್ತಾಳೆ ಎಂಬ ದೂರು. ಏಳು ದಿನದಲ್ಲಿ ಉತ್ತರ ಕೊಡಬೇಕು. ಪಂಚಾಯತಿಯ ಕಾರ್ಯದರ್ಶಿಯಾದ ಗ್ರಾಮಸೇವಕರು ಒಳ್ಳೆಯವರೇ, ಯಾರಿಗೂ ಎದುರಾಡದವರು. ಉತ್ತರವನ್ನೂ ಅವರೇ ಟೈಪ್ ಮಾಡಿಸಿ ತಂದಿದ್ದರು. ಮರಾಠಿಯಲ್ಲಿ ಆರು ಸಾಲು: ತಪ್ಪಾಗಿದೆ, ಕ್ಷಮಿಸಬೇಕು, ಇನ್ನು ಮುಂದೆ ಹಿರಿಯರು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತೇನೆ.

ಅವಳು ಅದನ್ನು ಮನೆಗೆ ತಂದು ಗಂಡನಿಗೆ ತೋರಿಸಿದಳು. ಕಲ್ಮೇಶ ಉಟಗಿಗೂ ಜತ್ತಕ್ಕೂ ಜೀಪು ಓಡಿಸುವವನು. ಜೀಪಿನ ಗಾಜು ಒರೆಸುತ್ತಲೇ ಕೇಳಿಸಿಕೊಂಡ.

"ಒಂದ ಸಹಿ. ಹಾಕಿ ಮುಗಸು ಅನು. ಊರಾಗ ಇರೂದದ ನಮಗ."

"ಕಡೀ ಸಾಲ ಓದಿದ್ರಿ ಏನು? ಹಿರಿಯರು ಹೇಳಿದ ಕೆಲಸ ಅಂತ ಅದ. ನಾಳಿ ಆ ಯಾದಿ ಮತ್ತ ನನ್ನ ಮುಂದ ಬರ್ತದ. ಅವಾಗ ಏನ್ ಹೇಳ್ಲಿ?"

"ಸಿನಿಮಾ ನೋಡಿದ್ದಂತೂ ಖರೆ ಅದಲ್ಲ."

"ಖರೆ ಅದ. ಅದನ್ನ ಬರದ ಕೊಡ್ತೀನಿ."

ಕಲ್ಮೇಶ ಬಟ್ಟೆ ಹಿಂಡಿಕೊಂಡು ಜೀಪಿನ ಮತ್ತೊಂದು ಬದಿಗೆ ಹೋದ. ಎರಡು ದಿನ ಅವಳೊಡನೆ ಅಷ್ಟಕ್ಕಷ್ಟೇ ಮಾತಾಡಿದ.

ಅವಳು ಕನ್ನಡದಲ್ಲೇ, ಕೈಯಿಂದ ಬರೆದಳು. ಹೌದು, ಸಿನಿಮಾ ನೋಡಿದ್ದೇನೆ. ಸರ್ವರ್ ಬಂದ್ ಇದ್ದಾಗ ಮಾತ್ರ ನೋಡಿದ್ದೇನೆ. ಒಬ್ಬಳೇ ನೋಡಿಲ್ಲ, ನನ್ನ ಜೊತೆ ನೋಡಿದವರು ಇವರು. ಅದರ ಕೆಳಗೆ ಜಾಗ ಬಿಟ್ಟು, ಒಂದು ಭಾನುವಾರ ಬೆಳಿಗ್ಗೆ ಮನೆಮನೆಗೆ ಹೋದಳು. ಏನು ಬರೆದಿದೆ ಅಂತ ಪ್ರತಿಯೊಬ್ಬರ ಮುಂದೆಯೂ ಪೂರ್ತಿ ಓದಿ ಹೇಳಿದ ಮೇಲೆಯೇ ಸಹಿ ಕೇಳಿದಳು. ಕೆಲವರು ಒಳಗೆ ಹೋಗಿ ಹೊರಗೆ ಬರಲೇ ಇಲ್ಲ. ಮೂವತ್ತಾರು ಮಂದಿ ಹಾಕಿದರು. ಅಮಸಿದ್ದನ ಸೊಸೆ ದುಂಡವ್ವ ಸಿನಿಮಾ ನೋಡಿಯೇ ಇರಲಿಲ್ಲ. ಆದರೂ ಬೆರಳು ಮುಂದೆ ಮಾಡಿದಳು. ಅನುರಾಧಾ ಬೇಡವೆಂದಳು.

"ನೀವು ನೋಡಿಲ್ಲ ದುಂಡವ್ವಕ್ಕಾ. ನೋಡಲಾರದವ್ರ ಹೆಬ್ಬಟ್ಟ ತಗೊಂಡ್ರ ನನಗೂ ಅವರಿಗೂ ಏನ್ ಫರಕ ಉಳೀತು?"

"ಹಂಗಾದ್ರ ನನಗೂ ತೋರಿಸು ಒಮ್ಮಿ," ಅಂದಳು ದುಂಡವ್ವ.

ಜೂನ್ ತಿಂಗಳಲ್ಲಿ ಚೌಕಶಿಗೆ, ಅಂದರೆ ವಿಚಾರಣೆಗೆ, ತಾಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಮರಾಠಿಯವರು, ಕನ್ನಡ ತಿಳಿಯುತ್ತಿತ್ತು. ಕಚೇರಿ ತುಂಬ ಜನ, ಕಿಟಕಿಯ ಸರಳು ಹಿಡಿದು ನಿಂತವರು ಬೇರೆ. ಅವರು ಅನುರಾಧಾಳ ಉತ್ತರವನ್ನು ಮುಂದೆ ಇಟ್ಟುಕೊಂಡಿದ್ದರು.

"ಸಿನಿಮಾ ನೋಡಿದ್ದು ಖರೆ ಏನು?"

"ಖರೆ ಅದರಿ."

"ಎಷ್ಟ ಸಲ?"

"ಸರ್ವರ್ ಎಷ್ಟ ಸಲ ಬಿತ್ತೋ ಅಷ್ಟ ಸಲರಿ."

ಯಾರೋ ನಕ್ಕರು. ಅಧಿಕಾರಿ ತಲೆ ಎತ್ತಿ ನೋಡಿದರು, ನಗು ನಿಂತಿತು. "ತೋರಿಸು, ಯಾವ ಸಿನಿಮಾ ಅದು," ಅಂದರು.

ಅವಳು ಕರಿಯ ಕಿಟಕಿ ತೆರೆದು ಸಾಲನ್ನು ಟೈಪ್ ಮಾಡಿದಳು. ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಹೊಡೆದಳು. ಟೋಪಿ ಹಾರಿತು. ಅಧಿಕಾರಿ ಒಂದು ನಿಮಿಷ ನೋಡಿ ಸಾಕು ಅನ್ನುತ್ತಾರೆ ಅಂದುಕೊಂಡಿದ್ದಳು. ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಹನ್ನೊಂದು ನಿಮಿಷವೂ ನೋಡಿದರು. ನಡುವೆ ಹಿಂದೆ ನಿಂತ ಅಮಸಿದ್ದ, "ಈಗ ನೋಡ್ರಿ, ಹೊಳಿಗಿ ಬೀಳ್ತಾನ," ಅಂತ ಅವರಿಗೆ ಮೊದಲೇ ಹೇಳಿಬಿಟ್ಟ.

"ಸಾಹೇಬ್ರ, ಈಗೂ ಇಕಿ ಸಿನಿಮಾನ ಹಚ್ಚ್ಯಾಳ ನೋಡ್ರಿ," ಅಂದ ವಿಜಯಕುಮಾರ.

"ನಾ ಹಚ್ಚಂತ ಹೇಳೀನಿ," ಅಂದರು ಅಧಿಕಾರಿ. ಆಮೇಲೆ ಅನುರಾಧಾಳ ಕಡೆ ತಿರುಗಿ, "ನೋಡವ್ವಾ, ಎರಡ ಸಾಲ ಮಾಫಿ ಬರದ ಕೊಡು. ನಾ ಇಲ್ಲೇ ಮುಗಸ್ತೀನಿ," ಅಂದರು. ಅವರ ದನಿಯಲ್ಲಿ ಮರುಕವೇ ಇತ್ತು.

ಅವಳಿಗೆ ಕ್ಷಣಕಾಲ ಹೌದೆನ್ನುವ ಮನಸ್ಸಾಯಿತು. ಬಾಗಿಲಲ್ಲಿ ಕಲ್ಮೇಶ ನಿಂತಿದ್ದ, ಜೀಪಿನ ಪಾಳಿ ಬಿಟ್ಟು ಬಂದಿದ್ದ.

"ಯಾವದಕ್ಕ ಮಾಫಿ ಕೇಳ್ಲಿ ಸಾಹೇಬ್ರ? ಇವರೆಲ್ಲಾ ಸುಮ್ಮನ ಗ್ವಾಡಿ ನೋಡ್ಕೋತ ಕುಂದ್ರೂ ಬದ್ಲಿ ಸಿನಿಮಾ ನೋಡ್ಯಾರ. ಸರ್ವರ್ ಬಂದ ಮ್ಯಾಲ ಒಬ್ಬರದೂ ಕೆಲಸ ಉಳದಿಲ್ಲ. ಕೇಳ್ರಿ ಬೇಕಾರ. ಆಗದ ಸಭಾದ ಯಾದಿ ಟೈಪ್ ಮಾಡಂಗಿಲ್ಲ ಅಂದೆ, ಅದಕ್ಕ ಈ ದೂರು ಬಂದದ. ಅದಕ್ಕ ನಾ ಮಾಫಿ ಕೇಳಂಗಿಲ್ಲ."

"ಯಾದಿದು ಈ ದೂರಿನಾಗ ಇಲ್ಲ," ಅಂದರು ಅಧಿಕಾರಿ. ಪೆನ್ನಿನ ಟೊಪ್ಪಿಗೆ ತೆಗೆದರು. "ನಾ ಕಂಡದ್ದನ್ನ ಅಹವಾಲಿನಾಗ ಬರೀತೀನಿ. ಅದು ಮಂಜೂರಾಗೂ ತನಕ ನೀ ಕೆಲಸಕ್ಕ ಬರಬ್ಯಾಡ." ಎದ್ದು ಹೋಗುವ ಮುಂಚೆ ವಿಜಯಕುಮಾರನಿಗೆ ಹೇಳಿದರು: "ಠರಾವು ಬೇಕಾದ್ರ ಆಗಸ್ಟ್ ಹದಿನೈದಕ್ಕ ಸಭಾ ಅದ. ನೂರ ಮಂದಿ ಕೂಡಸ್ರಿ, ಮಾಡ್ರಿ. ಹಳೀ ತಾರೀಕ ನನ್ನ ಮುಂದ ತರಬ್ಯಾಡ್ರಿ. ಆ ದಿವಸ ನಾ ಇರ್ತೀನಿ."

ಅನುರಾಧಾ ಪಾಸ್‌ವರ್ಡನ್ನು ಒಂದು ಚೀಟಿಯ ಮೇಲೆ ಬರೆದು ಗ್ರಾಮಸೇವಕರ ಕೈಗೆ ಕೊಟ್ಟು ಹೊರಗೆ ಬಂದಳು. ಜೀಪಿನಲ್ಲಿ ಕೂತ ಮೇಲೆ ಕಲ್ಮೇಶ, "ಸಹಿ ಹಾಕಬೇಕಾಗಿತ್ತು ಅಂತ ನನಗ ಈಗೂ ಅನಸ್ತದ," ಅಂದ. "ಆದ್ರ ನೀ ಮಾತಾಡೂಮುಂದ ನನ್ನ ಎದಿ ಹಿಗ್ಗಿತ್ತು, ಖರೆ ಹೇಳ್ತೀನಿ."

ಹದಿನೈದು ಆಗಸ್ಟ್‌ಗೆ ಎರಡು ತಿಂಗಳಿತ್ತು. ಮನೆಯಲ್ಲಿ ಕೂತ ಮೊದಲ ವಾರ ಅನುರಾಧಾ ಸಿಟ್ಟಿನಲ್ಲಿ ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದಳು. ಎರಡನೆಯ ವಾರ ನಾದಿನಿ ಸೃಷ್ಟಿಯ ಹಳೆಯ ಲ್ಯಾಪ್‌ಟಾಪ್ ಕೇಳಿ ಪಡೆದಳು. ಸಭೆಗೆ ಜನ ಬರುವುದಿಲ್ಲ, ಸಿನಿಮಾಕ್ಕೆ ಬರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಟೋಪಿಯವನ ಸಿನಿಮಾ ಯಾರದೋ ಊರಿನದು. ಬನ್ನಿವಾಡಿಯದು ಒಂದು ಆಗಬೇಕು.

ಮಾಡುವುದು ಹೇಗೆ ಅಂತ ಮಹಾಂತರು ಫೋನಿನಲ್ಲಿ ಹೇಳಿಕೊಟ್ಟರು. ಒಂದೊಂದು ಚಿತ್ರ ಒಂದೊಂದು ಫೈಲು. ಪರದೆ ಅಳಿಸು, ಮುಂದಿನ ಚಿತ್ರ ತೋರಿಸು, ಅರೆಕ್ಷಣ ತಡೆ, ಮತ್ತೆ ಅಳಿಸು ಅಂತ ಕಂಪ್ಯೂಟರಿಗೆ ಹೇಳುವ ಸಾಲುಗಳು ಬೇರೆ. ಬೆಳಿಗ್ಗೆ ಅಡಿಗೆ ಮುಗಿಸಿ ಅವಳು ಅಮಸಿದ್ದನ ಜೊತೆ ಗಾಯರಾನಿಗೆ ಹೋಗುತ್ತಿದ್ದಳು. ಚೌಕುಳಿಯ ವಹಿಯಲ್ಲಿ, ಒಂದು ಚೌಕಕ್ಕೆ ಒಂದು ಚಿಹ್ನೆಯಂತೆ, ಗುಡ್ಡದ ಗೆರೆ ಬರೆದುಕೊಂಡಳು. ಕುರಿಗಳು ಯಾವ ದಾರಿಯಿಂದ ಏರುತ್ತವೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಮರಿಗಳಿಗೆ ನೆರಳು ಎಲ್ಲಿ, ಅಜ್ಜ ಕೋಲಿನಿಂದ ತೋರಿಸುತ್ತಿದ್ದ. ಮೊದಲ ಕುರಿ ಮಾಡಿ ತೋರಿಸಿದಾಗ ಅವನು ತಲೆ ಅಲ್ಲಾಡಿಸಿದ.

"ಇದು ಆಡು. ಕುರಿ ಅಲ್ಲ."

"ಯಾಕ ಅಜ್ಜಾ?"

"ಬಾಲ ಮ್ಯಾಲ ಎತ್ತೀದಿ. ಕುರಿ ಬಾಲ ಕೆಳಗ ಇರ್ತದ."

ಅವಳು ಇನ್ನೂರು ಚಿತ್ರದಲ್ಲಿ ಬಾಲ ಇಳಿಸಿದಳು.

ದೊಡ್ಡ ತೊಡಕು ಬಂದದ್ದು ಕನ್ನಡದಿಂದ. ಸಿನಿಮಾದ ಕೊನೆಗೆ ಒಂದು ಮಾತು ಬರೆಯಬೇಕಿತ್ತು. ಆ ಕರಿಯ ಕಿಟಕಿಯಲ್ಲಿ ಕನ್ನಡ ಹಾಕಿದರೆ ಬರೀ ಚೌಕಗಳು ಬರುತ್ತಿದ್ದವು. ಇಂಗ್ಲಿಷಿನಲ್ಲಿ ಹಾಕು ಅಂದಳು ಸೃಷ್ಟಿ. ಅನುರಾಧಾ ಒಪ್ಪಲಿಲ್ಲ. ಐದು ವರ್ಷ ಊರಿನವರ ಮಾತನ್ನು ಬೇರೆ ಭಾಷೆಯಲ್ಲಿ ಹೊಡೆದು ಹೊಡೆದು ಅವಳಿಗೆ ಸಾಕಾಗಿತ್ತು. ಅಂಗಳದಲ್ಲಿ ರಂಗೋಲಿ ಹಾಕುವವಳಿಗೆ ಚುಕ್ಕಿ ಎಣಿಸುವುದು ಹೊಸದಲ್ಲ. ಒಂದೊಂದು ಅಕ್ಷರಕ್ಕೂ ಚುಕ್ಕಿಗಳನ್ನು ಸಾಲಾಗಿ ಜೋಡಿಸಿ, ಸುಳಿ ತಿರುಗಿಸಿ, ತಲೆಕಟ್ಟು ಕಟ್ಟಿದಳು. ಒತ್ತಕ್ಷರಕ್ಕೆ ಎರಡು ದಿನ ಹಿಡಿಯಿತು. ಮೂಡಿದ ಅಕ್ಷರ ಹೆಬ್ಬೆರಳಿನಷ್ಟು ದಪ್ಪ ಇತ್ತು. ಚೌಕ ಅಲ್ಲ, ಕನ್ನಡವೇ.

ಆಗಸ್ಟ್ ಹದಿನೈದರ ಹಿಂದಿನ ವಾರ ಅಮಸಿದ್ದ, ದುಂಡವ್ವ ಮತ್ತು ಆ ಮೂವತ್ತಾರು ಮಂದಿ ಊರಲ್ಲೆಲ್ಲ ಹೇಳಿದರು. ಸಮಾಜಮಂದಿರದಲ್ಲಿ ಝೆಂಡಾವಂದನೆ ಆದ ಮೇಲೆ ಅಕ್ಷರದ ಸಿನಿಮಾ ಇದೆ, ನಮ್ಮ ಊರಿನದು. ಕಲ್ಮೇಶ ತಾನಾಗಿಯೇ ಜತ್ತದ ಮಂಟಪದವರಿಂದ, ಮದುವೆಗಳಲ್ಲಿ ಇಡುವ ದೊಡ್ಡ ಟಿವಿಯನ್ನು ಜೀಪಿನಲ್ಲಿ ತಂದ. ಕರೆಂಟಿನ ಮೇಲೆ ನಂಬಿಕೆ ಇರದೆ ಜನರೇಟರನ್ನೂ ಹೇರಿಕೊಂಡು ಬಂದ. ಅದು ಒಳ್ಳೆಯದೇ ಆಯಿತು. ಟಿವಿ ಹಚ್ಚುವ ಹೊತ್ತಿಗೆ ಸಮಾಜಮಂದಿರದ ಫ್ಯೂಜು ಯಾರೋ ಕಿತ್ತುಕೊಂಡು ಹೋಗಿದ್ದರು.

ಬಾಗಿಲಲ್ಲಿ ಹಾಜರಿ ವಹಿ ಇಟ್ಟುಕೊಂಡು ಗ್ರಾಮಸೇವಕರು ಕೂತಿದ್ದರು. ಅವರ ಪಕ್ಕದಲ್ಲಿ ಅನುರಾಧಾ ನಿಂತಳು.

"ಮೊದಲ ಸಹಿ ಹಾಕ್ರಿ, ಆಮ್ಯಾಲ ಸಿನಿಮಾ," ಅಂತ ಬಂದವರಿಗೆಲ್ಲ ಹೇಳಿದಳು.

ವಿಜಯಕುಮಾರ ಹತ್ತಿರ ಬಂದ. "ನಿನ್ನನ್ನ ಕೆಲಸದಿಂದ ತಗದದ. ಇಲ್ಲಿ ನಿಲ್ಲಾಕ ನಿನಗೇನ್ ಹಕ್ಕ ಅದ?"

"ನಾ ಈಗ ಆಪರೇಟರ್ ಅಲ್ರಿ ಅಣ್ಣಾರ. ಮತದಾರಳು. ಇದು ಗ್ರಾಮಸಭಾ," ಅಂದಳು ಅವಳು. ಅಧಿಕಾರಿ ಎದುರಿಗೇ ಕುರ್ಚಿಯಲ್ಲಿ ಕೂತಿದ್ದರು. ವಿಜಯಕುಮಾರ ಅವರ ಮುಖ ನೋಡಿದ. ಅವರು ಹಾಜರಿ ವಹಿಯ ಕಡೆ ನೋಡುತ್ತಿದ್ದರು. ಅವನು ವೇದಿಕೆಯ ಕಡೆ ಹೋದ.

ನೂರಾ ಅರವತ್ತಮೂರು ಸಹಿ ಆದವು. ಒಳಗೆ ಹಿಡಿಸಲಾರದವರು ಬಾಗಿಲ ಹೊರಗೆ ನಿಂತರು. ಟಿವಿ ಕಪ್ಪಾಯಿತು. ಬಿಳಿಯ ಗುಡ್ಡ ಮೂಡಿತು. "ಏ, ನಮ್ಮ ಗಾಯರಾನು," ಅಂದ ಯಾರೋ ಒಬ್ಬ. ಎಡಗಡೆಯಿಂದ ಒಂದು ಕುರಿ ಬಂತು, ಅದರ ಹಿಂದೆ ಹತ್ತು, ಅದರ ಹಿಂದೆ ಕಂಬಳಿ ಹೊದ್ದ ಮುದುಕ. ಮುದುಕ ಕುಂಟುತ್ತಿದ್ದದ್ದನ್ನು ನೋಡಿ ಎಲ್ಲರೂ ಅಮಸಿದ್ದನ ಕಡೆ ತಿರುಗಿ ನಕ್ಕರು. ಅಜ್ಜ ರುಮಾಲು ಸರಿಮಾಡಿಕೊಂಡ. ಕುರಿಗಳು ಮೇದವು, ಹೊಂಡದಲ್ಲಿ ನೀರು ಕುಡಿದವು, ಒಂದು ಮರಿ ದಾರಿ ತಪ್ಪಿ ಮತ್ತೆ ಬಂದು ಕೂಡಿಕೊಂಡಿತು. ಆಮೇಲೆ ಬಲಗಡೆಯಿಂದ ಕಂಬಗಳು ಬರತೊಡಗಿದವು. ಒಂದು, ಎರಡು, ಸಾಲು ಸಾಲು. ಪ್ರತಿ ಕಂಬಕ್ಕೂ ಕುರಿಗಳು ಒಂದು ಹೆಜ್ಜೆ ಹಿಂದೆ ಸರಿದವು. ಕೊನೆಗೆ ಪರದೆಯ ಎಡ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ನಿಂತವು. ಎಲ್ಲ ಅಳಿಸಿತು. ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿದವು: 'ನಮ್ಮನ್ನು ಕೇಳಿದ್ದೀರಾ?'

ದುಂಡವ್ವ ಪಕ್ಕದವಳನ್ನು ಕೇಳಿ ಓದಿಸಿಕೊಂಡಳು. ಆಮೇಲೆ ತಾನೇ ಎದ್ದು ನಿಂತು ಗಟ್ಟಿಯಾಗಿ, "ಕೇಳಿಲ್ಲ," ಅಂದಳು.

ಮಾತು ಶುರುವಾಯಿತು. ಎಲ್ಲರೂ ಒಂದೇ ಕಡೆ ಇರಲಿಲ್ಲ. ಕಂಪನಿ ಬಂದರೆ ದಾರಿ ಆಗುತ್ತದೆ, ಹುಡುಗರಿಗೆ ಕಾವಲಿನ ಕೆಲಸ ಸಿಗುತ್ತದೆ ಅಂದರು ಕೆಲವರು. ಆರು ನಿಮಿಷದ ಆಟ ತೋರಿಸಿ ಊರಿನ ಅಭಿವೃದ್ಧಿ ತಡೆಯುತ್ತಾಳೆ ಅಂದ ಒಬ್ಬ. ಅನುರಾಧಾ ಅವನಿಗೆ, "ಹೇಳ್ರಿ, ಅದನ್ನ ಹೇಳಾಕ ಈ ಸಭಾ ಕೂಡೇದ," ಅಂದಳು. ಅರ್ಧ ಗಂಟೆ ಗದ್ದಲವಾಯಿತು. ವಿಜಯಕುಮಾರ ಠರಾವಿನ ಕಾಗದ ತೆಗೆದು ಓದಲು ಎದ್ದ.

ಆಗ ವೇದಿಕೆಯ ಮೇಲೆ ಕೂತಿದ್ದ ನಂದಾ ಕೈ ಚಾಚಿದಳು. "ಇಲ್ಲಿ ಕೊಡ್ರಿ. ಸರಪಂಚ ನಾ ಇದ್ದೀನಿ, ನಾ ಓದ್ತೀನಿ."

ಹತ್ತನೆಯ ತರಗತಿಯವರೆಗೆ ಓದಿದವಳು ಅವಳು. ಊರಲ್ಲಿ ಅನೇಕರು ಅವಳ ದನಿ ಕೇಳಿದ್ದು ಅದೇ ಮೊದಲು. ಅವಳು ಕಾಗದ ಹಿಡಿದಳು, ವಿಜಯಕುಮಾರ ಬಿಡಲಿಲ್ಲ. ಇಬ್ಬರೂ ಅದರ ಎರಡು ತುದಿ ಹಿಡಿದು ನಿಂತರು. ಅಧಿಕಾರಿ ಗಂಟಲು ಸರಿಮಾಡಿಕೊಂಡು, "ಅಧ್ಯಕ್ಷರು ಅವರು," ಅಂದರು. ಕಾಗದ ನಂದಾಳ ಕೈಗೆ ಬಂತು. ಅವಳು ಮರಾಠಿಯಲ್ಲಿ ಒಂದು ಸಲ ಓದಿದಳು, ತಡವರಿಸುತ್ತ. ಆಮೇಲೆ ಕನ್ನಡದಲ್ಲಿ ಅರ್ಥ ಹೇಳಿದಳು. ಬೇಕು ಅನ್ನುವವರು ಕೈ ಎತ್ತಿ ಅಂದಳು, ತಾನೇ ಎಣಿಸಿದಳು. ನಲವತ್ತೊಂದು. ಬೇಡ ಅನ್ನುವವರು ತೊಂಬತ್ತೇಳು. ಉಳಿದವರು ಎತ್ತಲಿಲ್ಲ. ಠರಾವು ಬಿತ್ತು.

ವಿಜಯಕುಮಾರ ಆಗಲೇ ಹೊರಗೆ ಹೋಗಿದ್ದ.

ಸೆಪ್ಟೆಂಬರಿನಲ್ಲಿ ಅಹವಾಲು, ಅಂದರೆ ಚೌಕಶಿಯ ವರದಿ, ಬಂತು. ಕೆಲಸಕ್ಕೆ ಹಾನಿಯಾದ ಪುರಾವೆ ಇಲ್ಲ ಅಂತ ಅಧಿಕಾರಿ ಬರೆದಿದ್ದರು. ಆದರೂ ಅನುರಾಧಾಳನ್ನು ಮತ್ತೆ ಕರೆಯಲಿಲ್ಲ. ಗುತ್ತಿಗೆಯ ಅವಧಿ ಮುಗಿದಿದೆ, ಬೇರೆಯವರನ್ನು ತೆಗೆದುಕೊಂಡಿದ್ದೇವೆ ಎಂದು ಒಂದು ಸಾಲಿನ ಕಾಗದ ಬಂತು. ಅವಳು ಒಂದು ಹೊತ್ತು ಅತ್ತಳು. ಮರುವಾರ ಉಟಗಿ ಫಾಟಾದ ಕವಲುದಾರಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಖೋಲಿಯಲ್ಲಿ, ಒಂದು ಮೇಜು ಹಾಕಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ಇಟ್ಟಳು. ಮರಾಠಿ ಅರ್ಜಿಯ ಹಿಂದೆ ಅದರ ಅರ್ಥವನ್ನು ಕನ್ನಡದಲ್ಲಿ ಕೈಯಿಂದ ಬರೆದು ಕೊಡುತ್ತಿದ್ದಳು. ಸೋನ್ಯಾಳದಂಥ ಬೇರೆ ಊರಿನಿಂದಲೂ ಜನ ಬರತೊಡಗಿದರು.

ಸೋಲಾರ್ ಕಂಪನಿಯವರು ಅಕ್ಟೋಬರಿನ ಸಭೆಗೆ ಮತ್ತೆ ಅರ್ಜಿ ಹಾಕಿದ್ದಾರೆ, ಈ ಸಲ ಗುಡ್ಡದ ಅರ್ಧ ಮಾತ್ರ ಕೇಳಿದ್ದಾರೆ ಎಂಬ ಸುದ್ದಿ ಹಬ್ಬಿದ ದಿನ ಮಧ್ಯಾಹ್ನ ನಂದಾ ಅಂಗಡಿಗೆ ಬಂದಳು. ಒಬ್ಬಳೇ ಬಂದಿದ್ದಳು, ಎಸ್.ಟಿ. ಬಸ್ಸಿನಲ್ಲಿ.

"ಬರ್ರಿ ವೈನಿ, ಕುಂದ್ರಿ. ಏನ್ ಅರ್ಜಿ ಹೊಡೀಬೇಕಾಗಿತ್ತು?"

"ಹೊಡ್ಯಾಕ ಬಂದಿಲ್ಲ, ಕಲ್ಯಾಕ ಬಂದೀನಿ," ಅಂದಳು ನಂದಾ. "ಸಭಾದಾಗ ಆದದ್ದನ್ನ ಇನ್ ಮ್ಯಾಲ ನಾನ ಬರೀತೀನಿ ಅಂತ ಗ್ರಾಮಸೇವಕರಿಗಿ ಹೇಳಿಬಿಟ್ಟೀನಿ. ಈಗ ಬರಬೇಕಲ್ಲ ಮತ್ತ."

ಅನುರಾಧಾ ತನ್ನ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿಗೆ ಸರಿದಳು. ನಂದಾ ಬಳೆಗಳನ್ನು ಮೊಣಕೈ ಕಡೆ ಸರಿಸಿಕೊಂಡು, ಒಂದೇ ಬೆರಳಿನಿಂದ, ಅಕ್ಷರ ಹುಡುಕುತ್ತ ತನ್ನ ಹೆಸರನ್ನು ಹೊಡೆಯತೊಡಗಿದಳು. ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಅವಳ ಫೋನು ರಿಂಗಾಯಿತು. ಪರದೆಯ ಮೇಲೆ ಗಂಡನ ಹೆಸರು.

ಅವಳು ಎತ್ತಿ, "ಕೆಲಸದಾಗ ಅದೀನಿ. ಸಂಜೀಕ ಬರ್ತೀನಿ," ಅಂದು ಫೋನನ್ನು ಬೋರಲು ಇಟ್ಟಳು.

"'ದ' ಎಲ್ಲಿ ಅದ ತೋರಿಸು," ಅಂದಳು ಅನುರಾಧಾಳಿಗೆ.